ಗುಡ್ಡ ಕೇಳಿಸಿದ ಗಿಟಾರು

ನೀಲಗಂಗಾ ತನ್ನ ಗಿಟಾರನ್ನು ಅವರಪ್ಪನ ಮೈಕ್ ಸೆಟ್ಟಿಗೆ ಸಿಕ್ಕಿಸಿ ಮೊದಲ ಸಲ ಬಾರಿಸಿದ ದಿನ ನಾನು ಊರಲ್ಲಿರಲಿಲ್ಲ. ನಮ್ಮ ಮನೆಯದು ಮದುವೆಗಳಿಗೆ ಬಾರಿಸುವ ಬ್ಯಾಂಡ್ ಕಂಪನಿ. ಅಪ್ಪ ಕ್ಲಾರಿನೆಟ್, ನಾನು ಡ್ರಮ್. ಪಕ್ಕದ ಊರಿನಲ್ಲೊಂದು ಮದುವೆ ಮುಗಿಸಿಕೊಂಡು ಸಂಜೆ ಬಸ್ಸಿಳಿದು, ಊರ ಬಾಗಿಲಿನ ಹಳೆಯ ಸುಂಕದ ಕಟ್ಟೆ ದಾಟುವಾಗ ಗುಡ್ಡ ಮಾತಾಡಲು ಶುರು ಮಾಡಿತ್ತು. ದಿನಾ ಬರುವುದೆಲ್ಲ ಬಂತು. ಶಾಲೆಯ ಪ್ರಾರ್ಥನೆ, ತೋಟಪ್ಪ ಕಾಕಾನ ಹಿಟ್ಟಿನ ಗಿರಣಿ, ಓಣಿ ಓಣಿ ತಿರುಗಿ ಸೊಪ್ಪು ಮಾರುವ ಮಾಳಕ್ಕನ "ಪುಂಡೀ ಪಲ್ಲೇ…" ಎಂಬ ಕೂಗು. ಅವುಗಳ ನಡುವೆ ತಗಡಿನ ಮೇಲೆ ಮೊಳೆ ಎಳೆದಂಥ ಒಂದು ಸದ್ದು ಬಂತು ನೋಡಿ, ನನ್ನ ಕೈಯಲ್ಲಿದ್ದ ಡ್ರಮ್ಮೇ ಬೆಚ್ಚಿತು. ಕಟ್ಟೆಗಳ ಮೇಲೆ ಕೂತವರೆಲ್ಲ ಕಿವಿ ಮುಚ್ಚಿಕೊಂಡಿದ್ದರು. ನೀಲಗಂಗಾ ಮಾತ್ರ ಮುಚ್ಚಿಕೊಂಡಿರಲಿಲ್ಲ. ತನ್ನ ಮನೆ ಮುಂದಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು, ಗುಡ್ಡದ ಕಡೆ ಮುಖ ಮಾಡಿ, ಬೇರೆ ಯಾರೋ ಬಾರಿಸಿದ್ದನ್ನು ಕೇಳುವವಳಂತೆ ಕೂತಿದ್ದಳು.

ನಮ್ಮೂರಲ್ಲಿ ಹಗಲು ಏರುದನಿಯಲ್ಲಿ ಆದದ್ದೆಲ್ಲ ಸಂಜೆಗೆ ಗುಡ್ಡದಿಂದ ವಾಪಸ್ ಬರುತ್ತದೆ. ಮೆಲುಮಾತು ಬರುವುದಿಲ್ಲ. ಸುಂಕದ ಕಟ್ಟೆಯ ಆಚೆಯದೂ ಬರುವುದಿಲ್ಲ. ಹಾಗಾಗಿ ನಮ್ಮ ಮಂದಿ ಜಗಳವನ್ನು ಕೂಡ ಪಿಸುಗುಟ್ಟಿಯೇ ಆಡುತ್ತಾರೆ. ಹಲ್ಲು ಕಚ್ಚಿಕೊಂಡು, ಮೂಗಿಗೆ ಮೂಗು ತಾಗಿಸಿಕೊಂಡು ಬೈದಾಡುವ ಗಂಡ ಹೆಂಡತಿಯನ್ನು ಕಂಡ ಪರವೂರಿನವರು, ಎಷ್ಟು ಅನ್ಯೋನ್ಯವಾಗಿದ್ದಾರೆ ಎಂದುಕೊಂಡು ಹೋದದ್ದುಂಟು. ಇನ್ನೊಂದು ಕಟ್ಟಳೆಯಿದೆ. ಹಗಲು ಸದ್ದು ಮಾಡಿದವರು ಸಂಜೆ ತಮ್ಮ ಕಟ್ಟೆಯ ಮೇಲೆ ಎಲ್ಲರೆದುರು ಕೂತು ಅದನ್ನು ಕೇಳಬೇಕು. ಎದ್ದು ಒಳಗೆ ಹೋಗುವಂತಿಲ್ಲ. ತೋಟಪ್ಪ ಕಾಕಾ ವಯಸ್ಸಿಗೆ ಬಂದಾಗಿನಿಂದ ದಿನವೂ ಸಂಜೆ ಕೂತು ತಮ್ಮ ಗಿರಣಿಯ ಸದ್ದು ಕೇಳಿದವರು. ಅವರ ಮುಖ ಯಾವಾಗಲೂ ಗಂಟಾಗಿರುವುದಕ್ಕೆ ಅದೇ ಕಾರಣವೆಂದು ಅವರ ಹೆಂಡತಿ ಹಾಲವ್ವ ಹೇಳುತ್ತಿದ್ದರು.

ಆ ಸಂಜೆ ಗುಡ್ಡ ಸುಮ್ಮನಾದ ಮೇಲೆ ಕಾಕಾ ಎದ್ದು ನೀಲಗಂಗಾಳ ಕಟ್ಟೆಗೆ ಬಂದರು. ಓಣಿಯೆಲ್ಲ ನೋಡುತ್ತಿತ್ತು.

"ಏನವ್ವಾ ತಂಗಿ, ಏನಿದು?"

"ರಾಕ್ ಮ್ಯೂಸಿಕ್ ಕಾಕಾ."

"ರಾಕ್ ಅಂದ್ರ?"

"ಕಲ್ಲುಬಂಡಿ ಅಂತಾರ್ರೀ."

"ಬರೋಬ್ಬರಿ ಆತು. ನಾ ಕಲ್ಲು ಒಡಿಯೋ ಮಷಿನ್ ಅನಕೊಂಡಿದ್ನಿ," ಎಂದು ಕಾಕಾ ತಲೆಯಾಡಿಸಿದರು. "ನಾಳೆನೂ ಬಾರಸ್ತೀಯೇನು?"

"ಬಾರಸ್ತೇನ್ರೀ."

"ಬಾರಸು. ಆದ್ರ ಹಿಂಗ ಕುಂತು ಕೇಳಬೇಕು. ನಾಳೆ ತಲಿನೋವು ಅಂತ ಒಳಗ ಹೋಗಬ್ಯಾಡ."

ನೀಲಗಂಗಾ ಹೋಗಲಿಲ್ಲ. ಮೈಕ್ ವಿರುಪಣ್ಣನ ಒಬ್ಬಳೇ ಮಗಳು ಅವಳು. ಆ ಗಿಟಾರು ಅವಳ ಸೋದರಮಾವನದು. ಆತ ಆರ್ಕೆಸ್ಟ್ರಾ ಬಿಟ್ಟು ಬೇಕರಿ ಹಾಕಿಕೊಂಡಾಗ, ಮೂಲೆಯಲ್ಲಿ ಇದ್ದರೆ ಕಣ್ಣಿಗೆ ಬಿದ್ದು ಹೊಟ್ಟೆ ಉರಿಯುತ್ತದೆಂದು ಸೋದರಸೊಸೆಗೆ ಕೊಟ್ಟುಬಿಟ್ಟಿದ್ದ. ತಂತಿಗಳ ಮೇಲೆ ಬೆರಳಿಡುವ ನಾಲ್ಕು ಪಟ್ಟು ತೋರಿಸಿಕೊಟ್ಟದ್ದಷ್ಟೇ ಅವನ ಪಾಠ. ಮಿಕ್ಕದ್ದನ್ನು ಗುಡ್ಡ ಕಲಿಸಿತೆಂದು ಪೇಪರಿನವರು ಆಮೇಲೆ ಬರೆದರು. ನನ್ನನ್ನು ಕೇಳಿದರೆ, ಕಲಿಸಿದ್ದು ಓಣಿ. ಬೆಳಿಗ್ಗೆ ಬಾರಿಸಿದ್ದನ್ನು ಸಂಜೆ ಇಡೀ ಓಣಿಯ ಜೊತೆ ಕೂತು ಕೇಳುವಾಗ ತನ್ನ ತಪ್ಪು ತನಗಿಂತ ಮೊದಲು ಎದುರಿನ ಮುಖಗಳಲ್ಲಿ ಕಾಣುತ್ತಿತ್ತು. ಯಾರಿಗೂ ಸಂಗೀತ ಬರುತ್ತಿರಲಿಲ್ಲ. ಆದರೂ ಹೇಳುತ್ತಿದ್ದರು. "ಇವತ್ತ ಅರ್ಧಮರ್ಧ ಬೇಯಿಸಿ ಇಳಿಸಿದಿ ನೋಡವ್ವಾ," ಎನ್ನುತ್ತಿದ್ದರು ಹಾಲವ್ವ. ವಿರುಪಣ್ಣ ಮಾತ್ರ ಒಳ್ಳೆಯದು ಕೆಟ್ಟದ್ದು ಏನೂ ಹೇಳದೆ, ಮರುದಿನ ಬೆಳಿಗ್ಗೆ ಆಂಪ್ಲಿಫೈಯರಿನ ಗುಂಡಿಯನ್ನು ಒಂದು ಕೂದಲೆಳೆಯಷ್ಟು ತಿರುಗಿಸಿಟ್ಟು ತನ್ನ ಕೆಲಸಕ್ಕೆ ಹೋಗುತ್ತಿದ್ದ. ತಗಡಿನ ಮೇಲಿನ ಮೊಳೆ ದಿನದಿನಕ್ಕೆ ಮೆತ್ತಗಾಯಿತು. ಮಳೆಗಾಲ ಬರುವ ಹೊತ್ತಿಗೆ ಅದಕ್ಕೊಂದು ದನಿ ಬಂದಿತ್ತು. ಒರಟು ದನಿಯೇ, ಆದರೆ ಏನೋ ಹೇಳಬೇಕೆಂದಿರುವವರ ಒರಟುತನ.

ಆಷಾಢದಲ್ಲಿ ಮದುವೆಗಳಿಲ್ಲ. ನಾನು ಮನೆಯಲ್ಲೇ ಇದ್ದೆ. ಒಂದು ಬೆಳಿಗ್ಗೆ ಓಣಿಯ ಆ ತುದಿಯಿಂದ ಅವಳ ಗಿಟಾರು ಕೇಳುತ್ತಿದ್ದಾಗ ಕೈ ಸುಮ್ಮನಿರಲಿಲ್ಲ. ಹಿತ್ತಲಲ್ಲಿ ಡ್ರಮ್ ಇಟ್ಟುಕೊಂಡು ಅವಳ ಹಿಂದೆ ಹಿಂದೆ ಬಾರಿಸಿದೆ. ಮದುವೆಯ ದಿಬ್ಬಣ ಹೊರಡುವಾಗಿನ ಪೆಟ್ಟು, ಸ್ವಲ್ಪ ತಡೆದು, ಸ್ವಲ್ಪ ಭಾರ ಹಾಕಿ. ಅವಳಿಗೆ ಅದು ಕೇಳುತ್ತಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಸಂಜೆ ಗುಡ್ಡ ಎರಡನ್ನೂ ಒಟ್ಟಿಗೆ ತಂದಿತು. ಗಿಟಾರಿನ ಹೆಗಲ ಮೇಲೆ ನನ್ನ ಡ್ರಮ್ ಕೈ ಹಾಕಿಕೊಂಡು ನಡೆದುಬಂದಂತಿತ್ತು. ಓಣಿ ಮೊದಲು ನಕ್ಕಿತು, ಆಮೇಲೆ ಸುಮ್ಮನಾಯಿತು. ಒಂದು ಕಡೆ ಗಿಟಾರು ಉಸಿರು ತೆಗೆದುಕೊಳ್ಳಲು ನಿಂತಿತು ನೋಡಿ, ಸರಿಯಾಗಿ ಅಲ್ಲಿಗೆ, ಬೆಳಿಗ್ಗೆ ಎಲ್ಲೋ ಮೂರನೇ ಓಣಿಯಲ್ಲಿ ಕೂಗಿದ ಮಾಳಕ್ಕನ ದನಿ ಬಂದು ಬಿತ್ತು. "ಪುಂಡೀ… ಪಲ್ಲೇ…"

ನನ್ನ ಮೈಮೇಲೆ ಮುಳ್ಳೆದ್ದವು. ಖಾಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ತನ್ನ ಮೆಟ್ಟಿಲ ಮೇಲೆ ಕೂತಿದ್ದ ಮಾಳಕ್ಕ ಬಾಯಿಗೆ ಸೆರಗು ಹಚ್ಚಿಕೊಂಡು, "ಅಯ್ಯ ನನ ಶಿವನ, ಹಾಡಿನ್ಯಾಗ ಬಿದ್ನೆಲ್ಲೋ!" ಎಂದಳು.

ನೀಲಗಂಗಾ ಗುಡ್ಡ ಮುಗಿಸುವವರೆಗೂ ತಡೆದಳು. ಮುಗಿದದ್ದೇ ತಡ, ಬರಿಗಾಲಲ್ಲಿ ಓಡಿ ನನ್ನ ಮುಂದೆ ಬಂದು ನಿಂತಳು. "ದಾವಲಣ್ಣ, ನಾಳೆ ಇನ್ನೊಂದೀಟು ತಡದು ಬಾರಸು," ಎಂದಳು. ಹೆಸರು ಗೊತ್ತಿದ್ದರೂ ಅದುವರೆಗೆ ನಾವು ಮಾತಾಡಿದವರಲ್ಲ. ಅಲ್ಲಿಂದ ಇಬ್ಬರೂ ಮಾಳಕ್ಕನ ಮೆಟ್ಟಿಲಿಗೆ ಹೋದೆವು.

"ನನಗ ಹಾಡು ಬರೂದಿಲ್ಲವ್ವ," ಎಂದಳು ಮಾಳಕ್ಕ. "ಪಲ್ಲೆ ಮಾರೂದು ಬರ್ತದ."

"ಮಾರೂದನ್ನ ಹಾಡು ಅಕ್ಕ. ನಾವು ಹಿಂದ ಬರ್ತೇವಿ."

"ಬುಟ್ಟಿ ಹೊತಗೊಂಡ ಹಾಡ್ಲೋ, ಇಳಿಸಿ ಹಾಡ್ಲೋ?"

"ಹೊತಗೊಂಡ ಹಾಡು."

ಹಾಗೆ ನಮ್ಮ ಬ್ಯಾಂಡಿನ ಹೆಸರು 'ಪಲ್ಲೆಬುಟ್ಟಿ' ಆಯಿತು. ಮೊದಲ ಹಾಡಿನಲ್ಲಿ ಸೊಪ್ಪುಗಳ ಹೆಸರು ಬಿಟ್ಟರೆ ಬೇರೆ ಮಾತೇ ಇಲ್ಲ. ಮೆಂತೆ, ರಾಜಗಿರಿ, ಸಬ್ಬಸಗಿ, ಪುಂಡಿ. ಆದರೆ ಬಿಸಿಲಿನಲ್ಲಿ ಬಾಡುವ ಮೊದಲು ಬುಟ್ಟಿ ಬರಿದಾಗಲೆಂದು ಮನೆಮನೆಯ ಮುಂದೆ ಕೂಗಿದ ಹೆಂಗಸಿನ ಗಂಟಲು ಅದರಲ್ಲಿತ್ತು. ಅದರ ಕೆಳಗೆ ನೀಲಗಂಗಾಳ ಗಿಟಾರು ಕಾಯುತ್ತ ಕಾಯುತ್ತ ಬಂದು, ಕೊನೆಗೆ 'ಪುಂಡಿ' ಎಂಬಲ್ಲಿ ಒಮ್ಮೆಲೇ ಕಟ್ಟೆ ಒಡೆದ ಕೆರೆಯಂತೆ ನುಗ್ಗುತ್ತಿತ್ತು. ಬೆಳಿಗ್ಗೆ ಗಿರಣಿಯ ಹಿಂದಿನ ಬಯಲಲ್ಲಿ ಬಾರಿಸುತ್ತಿದ್ದೆವು, ಸಂಜೆ ಕೂತು ಕೇಳುತ್ತಿದ್ದೆವು. ತೋಟಪ್ಪ ಕಾಕಾ ನಾವು ಬಾರಿಸುವಷ್ಟು ಹೊತ್ತು ಗಿರಣಿಯನ್ನು ಬಂದ್ ಮಾಡತೊಡಗಿದರು. "ನಿಮ್ಮ ಮ್ಯಾಗ ಪ್ರೀತಿಗಲ್ಲ," ಎಂದರು. "ಒಂದರ ಮ್ಯಾಗ ಒಂದು ಬಂದ್ರ ಕಿವಿ ಕೆಡ್ತಾವ."

ಸಂಜೆಯ ಬಸ್ಸಿನ ಡ್ರೈವರ್ ಒಂದು ದಿನ ಸುಂಕದ ಕಟ್ಟೆಯ ಹತ್ತಿರ ಇಂಜಿನ್ ಆಫ್ ಮಾಡಿದ. ಬೆಲ್ ಹೊಡೆಯಬೇಕಾದ ಕಂಡಕ್ಟರನೂ ಹೊಡೆಯಲಿಲ್ಲ. ಬಸ್ಸಿನಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಕಿಟಕಿಯಿಂದ ಮೊಬೈಲು ಹೊರಗೆ ಚಾಚಿ ರೆಕಾರ್ಡ್ ಮಾಡಿಕೊಂಡಳು. ಚಿತ್ರದಲ್ಲಿ ಇದ್ದದ್ದು ಒಂದು ಬೋಳುಗುಡ್ಡ, ಅಷ್ಟೇ. ಹಾಡಿನ ಜೊತೆ ಆ ಗುಡ್ಡವನ್ನು ಊರೂರು ನೋಡಿತು. ಆಮೇಲಿನದೆಲ್ಲ ಎಷ್ಟು ಬೇಗ ಆಯಿತೆಂದರೆ, ನಮಗೆ ಅಂಗಿ ಹೊಲಿಸಿಕೊಳ್ಳಲೂ ಪುರುಸೊತ್ತು ಸಿಗಲಿಲ್ಲ. ತಾಲ್ಲೂಕಿನ ಕಾಲೇಜಿನವರು ವಾರ್ಷಿಕ ಗ್ಯಾದರಿಂಗಿಗೆ ಕರೆದರು. ಆಟೋಗಳ ಹಿಂದೆ 'ಪಲ್ಲೆಬುಟ್ಟಿ' ಎಂದು ಬರೆಸಿದರು. ಹುಡುಗಿಯರು ನೀಲಗಂಗಾಳಂತೆ ಜಡೆಯನ್ನು ಎಡಗಡೆ ಮುಂದೆ ಬಿಟ್ಟುಕೊಂಡು ತಿರುಗಿದರು. ಪಾಪ, ತಂತಿಗೆ ಸಿಕ್ಕಬಾರದೆಂದು ಅವಳು ಜಡೆಯನ್ನು ಹಾಗೆ ಬಿಡುತ್ತಿದ್ದದ್ದು. ಸಂತೆಯಲ್ಲಿ ಮಾಳಕ್ಕನ ಹತ್ತಿರ ಸೊಪ್ಪು ಕೊಳ್ಳಲು ಬಂದವರು, "ಅಕ್ಕಾ, ಒಮ್ಮೆ ಕೂಗಿ ಕೊಡ್ರಿ," ಎನ್ನುತ್ತಿದ್ದರು. ಮಾಳಕ್ಕ ಖುಷಿಯಿಂದ ಕೂಗುತ್ತಿದ್ದಳು. ನಾನು ಅಪ್ಪನಿಗೆ ಹೇಳಿ ಮದುವೆ ಬ್ಯಾಂಡು ಬಿಟ್ಟೆ. "ಹೋಗಪಾ, ನಿನ್ನ ಕೈ ಅಲ್ಲೇ ಹೋಗಿ ಕುಂತೈತಿ," ಎಂದ ಅಪ್ಪ ಕ್ಲಾರಿನೆಟ್ ಒರೆಸುತ್ತ.

ಕಾಲೇಜಿನ ಗ್ಯಾದರಿಂಗಿನಲ್ಲಿ ಹುಡುಗರು ಕುರ್ಚಿಯ ಮೇಲೆ ನಿಂತು ಸೀಟಿ ಹೊಡೆದರು. ನೀಲಗಂಗಾಳ ಹೆಸರನ್ನು ಕೂಗಿ ಕೂಗಿ ಗಂಟಲು ಹರಿದುಕೊಂಡರು. ಕಾರ್ಯಕ್ರಮ ಮಧ್ಯಾಹ್ನದ್ದು. ಸಂಜೆ ಬಸ್ಸಿಗೆ ಹೊತ್ತಿತ್ತು. ನಾನು ಚಹಾ ತರಲು ಹೋಗಿ ಬಂದರೆ, ಅವಳು ಕಾಲೇಜಿನ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಬಯಲು ಖಾಲಿ. ಎದುರಿಗೆ ಗುಡ್ಡವಿಲ್ಲ, ಒಂದು ನೀರಿನ ಟ್ಯಾಂಕಿದೆ.

"ಏನ್ ಮಾಡಾಕತ್ತೀ?"

"ಹಂಗ ಕುಂತೇನಿ ದಾವಲಣ್ಣ."

ಅವಳು ಏನನ್ನು ಕಾಯುತ್ತಿದ್ದಾಳೆಂದು ನನಗೆ ತಿಳಿಯಿತು. ಯಾಕೆಂದರೆ ನಾನೂ ಅದನ್ನೇ ಕಾಯುತ್ತಿದ್ದೆ. ಏನೂ ಬರಲಿಲ್ಲ. ಕತ್ತಲಾಗುವ ಮೊದಲು ಎದ್ದು ಬಸ್ಸು ಹತ್ತಿದೆವು.

ಹೊರಗಿನ ಕಾರ್ಯಕ್ರಮಗಳು ಹೆಚ್ಚಿದಂತೆ ಅವಳ ಬಾರಿಸುವಿಕೆ ಕೆಟ್ಟಿತು. ಜನಕ್ಕೆ ಗೊತ್ತಾಗಲಿಲ್ಲ, ಅವರು ಇನ್ನೂ ಜೋರಾಗಿ ಸೀಟಿ ಹೊಡೆದರು. ಅವಳು ಕಾಯುವುದನ್ನು ಬಿಟ್ಟಿದ್ದಳು. 'ಪುಂಡಿ' ಬರುವ ಮೊದಲೇ ನುಗ್ಗುತ್ತಿದ್ದಳು, ನಾನು ಏದುಸಿರು ಬಿಡುತ್ತ ಹಿಂದೆ ಓಡುತ್ತಿದ್ದೆ. ಒಂದು ಸಲ ಮಾಳಕ್ಕ ಅವಳ ಕೈ ಹಿಡಿದು, "ನೀ ನನ್ನ ಕೂಡ ಬಾರಸಾಕತ್ತಿಲ್ಲ ತಂಗಿ. ಯಾರನ್ನೋ ಹೆಸರ ಹಿಡದು ಕರ್ಯಾಕತ್ತೀ," ಎಂದಳು.

ಆಗಲೇ ರಾಜಧಾನಿಯಿಂದ ಕರೆ ಬಂದದ್ದು. ದೊಡ್ಡ ಕ್ರೀಡಾಂಗಣ, ಹೆಸರುವಾಸಿ ಬ್ಯಾಂಡುಗಳ ನಡುವೆ ನಮಗೂ ಒಂದು ತಾಸು. ಸಂಘಟಕಿ ಶ್ರುತಕೀರ್ತಿ ಎಂಬಾಕೆ ತಾನೇ ಊರಿಗೆ ಬಂದು, ವಿರುಪಣ್ಣನ ಮನೆಯಲ್ಲಿ ಉಪ್ಪಿಟ್ಟು ತಿಂದು, ಸಂಜೆ ಕಟ್ಟೆಯ ಮೇಲೆ ಕೂತು ಗುಡ್ಡ ಕೇಳಿ, ಕಣ್ಣೊರೆಸಿಕೊಂಡು ಹೋಗಿದ್ದರು. ಊರೇ ಸಡಗರದಲ್ಲಿತ್ತು. ಹೊರಡಲು ಎರಡು ವಾರವಿರುವಾಗ ಒಂದು ಬೆಳಿಗ್ಗೆ, ಗಿರಣಿಯ ಹಿಂದೆ ಅಭ್ಯಾಸ ಮಾಡುತ್ತಿದ್ದಾಗ, ನೀಲಗಂಗಾ ನಡುವೆಯೇ ನಿಲ್ಲಿಸಿದಳು. ಮತ್ತೆ ಶುರು ಮಾಡಿದಳು. ಮತ್ತೆ ನಿಲ್ಲಿಸಿದಳು. ಆಮೇಲೆ ತಂತಿಗಳಿಗೆಲ್ಲ ಅಂಗೈಯಿಂದ ಬಡಿದು, ಹುಟ್ಟಿದಾಗಿನಿಂದ ಎಂದೂ ಏರಿಸದ ದನಿಯಲ್ಲಿ ಕೂಗಿದಳು. "ನಾ ಹೋಗಂಗಿಲ್ಲ! ನಾ ಅಲ್ಲಿ ಬಾರಸಂಗಿಲ್ಲ!"

ಕೂಗಿದ ಮೇಲೆ ಬಾಯಿ ಮುಚ್ಚಿಕೊಂಡಳು. ಏನು ಫಲ?

ಸಂಜೆ ಪ್ರಾರ್ಥನೆ ಬಂತು, ಗಿರಣಿ ಬಂತು, ಮಾಳಕ್ಕನ ಕೂಗು ಬಂತು. ಆಮೇಲೆ ಗುಡ್ಡ ಊರಿಗೆಲ್ಲ ಹೇಳಿತು, "ನಾ ಹೋಗಂಗಿಲ್ಲ!" ನೀಲಗಂಗಾ ಕಟ್ಟೆಯ ಮೇಲೆ ಕೂತಿದ್ದಳು. ಮುಖ ಕೆಂಪಾಗಿತ್ತು, ಆದರೆ ತಗ್ಗಿಸಲಿಲ್ಲ. ಒಳಗೂ ಹೋಗಲಿಲ್ಲ. ಗುಡ್ಡ ಸುಮ್ಮನಾದ ಮೇಲೆ ತೋಟಪ್ಪ ಕಾಕಾ ಬಂದು ಅವಳ ಪಕ್ಕದಲ್ಲಿ ಕೂತರು.

"ಯಾಕ ಹೋಗಂಗಿಲ್ಲವ್ವಾ?"

"ಅಲ್ಲಿ ಯಾರೂ ಕೇಳಂಗಿಲ್ಲ ಕಾಕಾ."

"ಸಾವಿರ ಮಂದಿ ಬರ್ತಾರಂತ."

"ಬರ್ತಾರ. ಚಪ್ಪಾಳಿ ಹೊಡೀತಾರ, ಕುಣೀತಾರ, ಎದ್ದು ಹೋಗ್ತಾರ. ಅವರದು ತಪ್ಪಿಲ್ಲ. ಆದ್ರ ನಾ ಬಾರಸಿದ್ದು ಎಲ್ಲಿ ಹೋತು ಅಂತ ನನಗ ತಿಳಿಯೂದಿಲ್ಲ. ಚಲೋ ಇತ್ತೋ ಕೆಟ್ಟಿತ್ತೋ ತಿಳಿಯೂದಿಲ್ಲ. ಬಾವಿಗೆ ಕೊಡ ಬಿಟ್ಟು ಹಗ್ಗ ಕೈಬಿಟ್ಟಂಗ ಆಗ್ತದ."

ಕಾಕಾ ಬಹಳ ಹೊತ್ತು ಮೊಣಕಾಲು ಉಜ್ಜಿಕೊಂಡರು. "ನಾವು ಬಂದ್ರ?" ಎಂದರು ಕೊನೆಗೆ.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ನಮ್ಮೂರಿನ ಹಿರಿಯರು ಸಂಜೆ ಹೊತ್ತು ಊರು ಬಿಟ್ಟವರಲ್ಲ. ನೆಂಟರ ಮನೆಗೆ ಹೋದರೂ ಗುಡ್ಡದ ಹೊತ್ತಿಗೆ ತಿರುಗಿ ಬರುತ್ತಾರೆ. ಹಾಲವ್ವ ತಮ್ಮ ಕಟ್ಟೆಯಿಂದಲೇ, "ಎಲ್ಲಾರೂ ಹೋದ್ರ ಇಲ್ಲಿ ಕೇಳೂರು ಯಾರ್ರೀ? ಯಾರೂ ಇಲ್ಲದ ಊರಿಗಿ ಗುಡ್ಡ ಮಾತಾಡಬಾರದು," ಎಂದರು. ಆಗ ಬಾಗಿಲಲ್ಲಿ ನಿಂತಿದ್ದ ವಿರುಪಣ್ಣ ಮಾತಾಡಿದ. ಆತ ಅಷ್ಟು ಮಾತಾಡಿದ್ದನ್ನು ನಾವು ಕೇಳಿದ್ದೇ ಕಡಿಮೆ. "ನಾ ಇರ್ತೇನಿ. ಎಲ್ಲಾರ ಪಾಲಿಂದೂ ಕುಂತು ಕೇಳ್ತೇನಿ. ಅಲ್ಲಿ ಅವರದ ಮೈಕ್ ಇರ್ತಾವ, ನನಗೇನ್ ಕೆಲಸ? ನೀವು ಹೋಗಿ ಬರ್ರಿ. ಆಕಿ ಹೆಂಗ ಬಾರಸಿದ್ಲು ಅಂತ ನನಗ ಬಂದು ಹೇಳ್ರಿ, ಸುಳ್ಳು ಹೇಳಬ್ಯಾಡ್ರಿ."

ನೀಲಗಂಗಾ ಅಪ್ಪನ ಕಡೆ ನೋಡಿದಳು. ಆತ ಆಗಲೇ ಒಳಗೆ ಹೋಗಿದ್ದ.

ಒಂದು ಬಸ್ಸು ಮಾಡಿಕೊಂಡು ಹೊರಟೆವು. ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ, ಕೂರಲು ಮನೆಮನೆಯ ಕೌದಿ. ಕ್ರೀಡಾಂಗಣದಲ್ಲಿ ಶ್ರುತಕೀರ್ತಿ ನಮ್ಮ ಊರವರಿಗೆಲ್ಲ ಮುಂದಿನ ಸಾಲು ಕೊಟ್ಟಿದ್ದರು. ಕುರ್ಚಿಗಳ ಮೇಲೆ ಕೌದಿ ಹಾಸಿಕೊಂಡು, ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು. ಹಿಂದೆ ಸಾವಿರಾರು ಹುಡುಗರು ಕುಣಿಯುತ್ತಿದ್ದಾರೆ, ಬೆಳಕು ಬಣ್ಣ ಬದಲಾಯಿಸುತ್ತಿದೆ, ನೆಲ ನಡುಗುತ್ತಿದೆ. ಇವರು ಮಾತ್ರ ಅಲುಗುತ್ತಿಲ್ಲ. ಹಿಂದಿನ ಸಾಲಿನ ಹುಡುಗನೊಬ್ಬ ಕಾಕಾನ ಹೆಗಲು ತಟ್ಟಿ, "ತಾತ, ಎದ್ದು ಕುಣೀರಿ!" ಎಂದನಂತೆ. "ತಡೀಪಾ, ಕೇಳಾಕತ್ತೇವಿ," ಎಂದರಂತೆ ಕಾಕಾ.

ನಾವು ವೇದಿಕೆ ಹತ್ತಿದೆವು. ನೀಲಗಂಗಾ ಬೆಳಕಿಗೆ ಕೈ ಅಡ್ಡ ಹಿಡಿದು ಮುಂದಿನ ಸಾಲನ್ನು ನೋಡಿದಳು. ಹಾಲವ್ವ ಮೂಗುತಿ ಸರಿಮಾಡಿಕೊಳ್ಳುತ್ತಿದ್ದರು. ಕಾಕಾ ಮುಖ ಗಂಟು ಹಾಕಿಕೊಂಡಿದ್ದರು. ನಮ್ಮಪ್ಪ ಕಣ್ಣು ಮುಚ್ಚಿ ತಲೆಯನ್ನು ಒಂದು ಕಡೆ ವಾಲಿಸಿದ್ದ. ದಿನಾ ಸಂಜೆ ಕಾಣುವ ಮುಖಗಳೇ. ಅವಳ ಭುಜ ಇಳಿಯಿತು. ಮೊದಲ ಪಟ್ಟು ಹಿಡಿದಳು, ಬಿಟ್ಟಳು, ಕಾದಳು. ಎಷ್ಟು ಕಾದಳೆಂದರೆ, ಹಿಂದಿನ ಹುಡುಗರ ಗದ್ದಲವೂ ಏನಾಯಿತೆಂದು ತಗ್ಗಿತು. ಆ ನಿಶ್ಶಬ್ದದಲ್ಲಿ ನಾನು ಒಂದೇ ಒಂದು ಪೆಟ್ಟು ಕೊಟ್ಟೆ. ಮಾಳಕ್ಕ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಬೆಳಕಿಗೆ ಬಂದಳು. ಮುಂದೆ ಏನಾಯಿತೆಂದು ನಾನು ಹೇಳಿದರೆ ಹೊಗಳಿಕೊಂಡಂತಾಗುತ್ತದೆ. ಇಷ್ಟೇ ಹೇಳುತ್ತೇನೆ, 'ಪುಂಡಿ' ಬಂದಾಗ ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಒಮ್ಮೆ ಉಸಿರು ಎಳೆದುಕೊಂಡದ್ದು ಡ್ರಮ್ಮಿನ ತೊಗಲಿಗೂ ತಾಗಿತು.

ಇಳಿದಾಗ ಶ್ರುತಕೀರ್ತಿ ಓಡಿ ಬಂದು ನೀಲಗಂಗಾಳನ್ನು ಅಪ್ಪಿಕೊಂಡರು. ಆಮೇಲೆ ಮೆಲ್ಲಗೆ, "ನಿಮ್ಮ ಊರಿನವರಿಗೆ ಇಷ್ಟ ಆಗಲಿಲ್ವೇನೋ, ಒಬ್ಬರೂ ಚಪ್ಪಾಳೆ ಹೊಡೆಯಲಿಲ್ಲ," ಎಂದರು. ಅಷ್ಟರಲ್ಲಿ ಕಾಕಾ ಕೌದಿ ಮಡಚಿ ಹೆಗಲಿಗೆ ಹಾಕಿಕೊಂಡು ಬಂದರು.

"ಮೊದಲನೇದು ಚಲೋ. ಎರಡನೇದು ಭಾಳ ಚಲೋ," ಎಂದರು. "ಮೂರನೇದು ನಡುವ ಓಡಿಸಿದಿ."

"ಹೌದ್ರಿ ಕಾಕಾ," ಎಂದು ನೀಲಗಂಗಾ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. "ಓಡಿಸಿದ್ನಿ. ಖರೇನ ಓಡಿಸಿದ್ನಿ."

"ಬೆಂದಿತ್ತವ್ವಾ, ಬೆಂದಿತ್ತು," ಎಂದು ಹಾಲವ್ವ ಅವಳ ಗಲ್ಲ ಸವರಿ ಲಟಿಕೆ ಮುರಿದರು.

ಅದಾದ ಮೇಲೆ ನಾವು ಬಹಳ ಊರು ತಿರುಗಿದ್ದೇವೆ, ಈಗಲೂ ತಿರುಗುತ್ತಿದ್ದೇವೆ. ಎಲ್ಲಿ ಹೋದರೂ ಊರಿನಿಂದ ಪಾಳಿಯ ಪ್ರಕಾರ ನಾಲ್ಕು ಜನ ಬಂದು ಮುಂದೆ ಕೂರುತ್ತಾರೆ. ಪಾಳಿಗೆ ಜಗಳವೂ ಆಗುತ್ತದೆ, ಪಿಸುಮಾತಿನಲ್ಲಿ. ಆದರೆ ಪಲ್ಲೆಬುಟ್ಟಿ ಹೇಗೆ ಹೆಸರುವಾಸಿಯಾಯಿತೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಕ್ರೀಡಾಂಗಣವಲ್ಲ, ಮರುದಿನ ಊರಿಗೆ ಮರಳಿದ ಬಸ್ಸು.

ಬೆಳಗಿನ ಬಿಸಿಲು. ಕಿಟಕಿಗಳೆಲ್ಲ ತೆರೆದಿದ್ದವು. ಯಾವ ಹಾಡು ಚೆನ್ನಾಗಿತ್ತೆಂದು ವಾದ ಹತ್ತಿತು. ಹಾಲವ್ವನ ದನಿ ಏರಿತು. ಏರಿದ್ದು ತಮಗೇ ಕೇಳಿಸಿ, ರೂಢಿಯಂತೆ ಬಾಯಿಗೆ ಕೈ ಅಡ್ಡ ಹಿಡಿದರು.

"ಅಯ್ಯ, ಇಲ್ಲಿ ಗುಡ್ಡ ಇಲ್ಲ ಬಿಡ್ರಿ ಚಿಗವ್ವಾ," ಎಂದಳು ಮಾಳಕ್ಕ.

ಈ ಮಾತು ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ. ನಮ್ಮಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ "ಓ…" ಎಂದ. ಹೊಲಗಳು ಹಿಂದೆ ಸರಿದವು. ಏನೂ ತಿರುಗಿ ಬರುವ ಹಾಗೆ ಕಾಣಲಿಲ್ಲ. ಆಮೇಲೆ ನೋಡಬೇಕಿತ್ತು! ಜೀವಮಾನವೆಲ್ಲ ನುಂಗಿಕೊಂಡ ದನಿಗಳು ಒಂದೇ ಸಲ ಹೊರಬಿದ್ದವು. ಒಬ್ಬರು ಕೇಕೆ ಹಾಕಿದರು, ಒಬ್ಬರು ಸತ್ತುಹೋದ ಅಣ್ಣನ ಹೆಸರನ್ನು ಬಾಯ್ತುಂಬ ಕರೆದರು. ಹಾಲವ್ವ ಗಂಡನ ಕಿವಿಯ ಹತ್ತಿರ, "ಸಾರಿಗಿ ಉಪ್ಪು ಹೆಚ್ಚಾಗಿಲ್ಲರೀ, ನಿಮ್ಮ ನಾಲಿಗಿ ಸುಟ್ಟೈತಿ!" ಎಂದು ಕಿರುಚಿದಾಗ ಡ್ರೈವರ್ ಕೂಡ ನಕ್ಕುಬಿಟ್ಟ.

ಕಾಕಾ ನಗಲಿಲ್ಲ. ಗಂಟಲು ಸರಿಮಾಡಿಕೊಂಡು, "ಮೂರನೇದು ಓಡಿಸಿದಿ ಅಂದ್ನೆಲ್ಲ, ಹೆಂಗಿರಬೇಕಿತ್ತು ಕೇಳು," ಎಂದು ನಮ್ಮ ಹಾಡನ್ನೇ ಎತ್ತಿಕೊಂಡರು. ಅಯ್ಯೋ, ಎಂಥ ದನಿ! ಶ್ರುತಿಯಿಲ್ಲ, ನಯವಿಲ್ಲ, ಕಾಳು ಮುಗಿದ ಗಿರಣಿ ಬರಿದೇ ತಿರುಗಿದಂತೆ. ಆದರೆ ಏನು ತುಂಬಿದ ದನಿ! ಹಾಲವ್ವ ಬೆರಗಾಗಿ, "ಮದುವಿ ಆದಾಗಿಂದ ಕೂಡಿ ಇದ್ದೇನಿ, ಇಷ್ಟು ದೊಡ್ಡ ದನಿ ಇವರ ಹೊಟ್ಟ್ಯಾಗ ಐತಿ ಅಂತ ಗೊತ್ತ ಇರಲಿಲ್ಲ," ಎಂದರು. ನೀಲಗಂಗಾ ಸೀಟಿನ ಕೆಳಗಿನಿಂದ ಗಿಟಾರು ತೆಗೆದು, ಮೈಕಿಲ್ಲದೆ ಬರಿದೇ ತಂತಿ ಮೀಟಿ ಅವರ ಹಿಂದೆ ಹೊರಟಳು. ನಾನು ಸೀಟಿನ ಕಬ್ಬಿಣದ ಮೇಲೆ ಬೆರಳಾಡಿಸಿದೆ.

ತಿರುವಿನಲ್ಲಿ ಗುಡ್ಡ ಕಾಣಿಸಿತು. ಒಬ್ಬೊಬ್ಬರಾಗಿ ಎಲ್ಲರ ದನಿಯೂ ಇಳಿಯಿತು. ನಮಗೆ ಅದು ಹೊಸಿಲು ಕಂಡಾಗ ಕಾಲು ಎತ್ತುವಷ್ಟು ಸಹಜ. ಕಾಕಾ ಮಾತ್ರ ಕಣ್ಣು ಮುಚ್ಚಿ ಹಾಡುತ್ತಲೇ ಇದ್ದರು. ಹಾಲವ್ವ ಅವರ ಅಂಗಿಯ ತೋಳು ಜಗ್ಗಿದರು. "ರೀ, ಸುಂಕದ ಕಟ್ಟಿ ಬಂತ್ರೀ. ಸಾಕ್ರಿ!"

ಕಾಕಾ ಕಣ್ಣು ತೆರೆದು ಗುಡ್ಡವನ್ನು ನೋಡಿದರು. ಹಾಡಿನಲ್ಲಿ ಇನ್ನೊಂದು ಸಾಲು ಉಳಿದಿತ್ತು. ನೀಲಗಂಗಾ ತಂತಿಯ ಮೇಲೆ ಬೆರಳಿಟ್ಟು ಅವರ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು.

"ಬರ್ಲಿ ಬಿಡು," ಎಂದರು ಕಾಕಾ. "ಸಂಜಿಕ ಕುಂತು ಕೇಳಿದ್ರಾತು."

ಬಸ್ಸು ಕಟ್ಟೆ ದಾಟುವಾಗ ಅವರು ಉಳಿದ ಸಾಲನ್ನು ಇನ್ನೂ ಎತ್ತರಿಸಿ ಹಾಡಿದರು.